ಫೋನಿನಲ್ಲಿ ಕೇಳಿಸದ ತಂತಿ: ಒಬ್ಬ ಹವ್ಯಾಸಿ ಬೇಸ್ ಗಿಟಾರಿಸ್ಟ್ ಮಾತು

ಮಾತು ಶುರು ಮಾಡೋ ಮುಂಚೆ ಒಂದು ಸಣ್ಣ ಕೆಲಸ ಮಾಡಿ. ಇಯರ್‌ಫೋನ್ ಹಾಕ್ಕೊಂಡಿದ್ರೆ ತೆಗೀರಿ, ಫೋನಿನ ಸ್ಪೀಕರಲ್ಲೇ ಕೇಳಿ. ನನ್ನ ಬೇಸ್ ಗಿಟಾರಿನ ಅತಿ ದಪ್ಪ ತಂತಿಯನ್ನ ಈಗ ಮೀಟ್ತೀನಿ.

[ಬೇಸ್ ಗಿಟಾರ್ ಸದ್ದು]

ಏನ್ ಕೇಳಿಸ್ತು? ಬೆರಳು ತಾಗಿದ 'ಟಕ್', ಅದರ ಹಿಂದೆ ಸ್ವಲ್ಪ 'ಗುಂಯ್'. ಅಷ್ಟೇ ಅಲ್ವಾ? ಈಗ ಇಯರ್‌ಫೋನ್ ಹಾಕ್ಕೊಳ್ಳಿ.

[ಅದೇ ಸದ್ದು]

ಈ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತೆ. ಇಷ್ಟು ಕೆಳಗಿನ ಸ್ವರವನ್ನ ಫೋನಿನ ಪುಟ್ಟ ಸ್ಪೀಕರ್ ಸರಿಯಾಗಿ ಹೊರಡಿಸೋಕೆ ಆಗಲ್ಲ. ಆದ್ರೂ ನಿಮಗೆ ಸ್ವಲ್ಪ ಕೇಳಿಸಿದ ಹಾಗಾಯ್ತಲ್ಲ, ಅದು ನಿಮ್ಮ ಮಿದುಳಿನ ಕೆಲಸ. ಮೂಲ ಸ್ವರ ಇಲ್ದೇ ಇದ್ರೂ ಅದರ ಜೊತೆ ಹುಟ್ಟೋ ಮೇಲಿನ ಸ್ವರಗಳನ್ನ ಕೇಳಿ, 'ಓ, ಕೆಳಗೆ ಇಂಥದ್ದು ಇರ್ಬೇಕು' ಅಂತ ಊಹಿಸಿಕೊಳ್ಳುತ್ತೆ. ಅಂದ್ರೆ ನೀವು ಬಸ್ಸಲ್ಲಿ ಫೋನ್ ಹಿಡ್ಕೊಂಡು ಹಾಡು ಕೇಳುವಾಗ, ನನ್ನಂಥೋರ ಕೆಲಸದಲ್ಲಿ ಅರ್ಧ ನೀವೇ ಊಹೆ ಮಾಡ್ಕೊಳ್ತಿರ್ತೀರಾ.

ನಾನು ಹಗಲು ಬೆಂಗಳೂರಲ್ಲಿ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಕೆಲಸ ಮಾಡ್ತೀನಿ. ಶನಿವಾರ, ಭಾನುವಾರ, ಹಬ್ಬದ ಸೀಸನ್ನಲ್ಲಿ ಬೇಸ್ ನುಡಿಸ್ತೀನಿ. ಕಾಲೇಜ್ ಗೆಳೆಯರ ಬ್ಯಾಂಡು, ಮದುವೆ ರಿಸೆಪ್ಶನ್, ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾ, ನವೆಂಬರ್ ಬಂದ್ರೆ ರಾಜ್ಯೋತ್ಸವ. ಕರೆದ್ರೆ ಹೋಗ್ತೀನಿ.

ಬೇಸ್ ನುಡಿಸ್ಬೇಕು ಅಂತ ಕನಸು ಕಂಡು ಬಂದೋರು ಕಮ್ಮಿ. ಕಾಲೇಜಲ್ಲಿ ನಮ್ಮ ಬ್ಯಾಂಡಿಗೆ ಮೂರು ಜನ ಗಿಟಾರಿಸ್ಟ್. ಮೂರರಲ್ಲಿ ಯಾರು ಕಳಪೆ? ನಾನು. 'ಮಗಾ, ನೀನು ಬೇಸ್ ತಗೋ' ಅಂದ್ರು. ಕಥೆ ಮುಗೀತು. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಕೂಡ ಮೊದಲು ಗಿಟಾರ್ ನುಡಿಸ್ತಿದ್ದೋರು. 1961ರಲ್ಲಿ ಬೇಸ್ ನುಡಿಸ್ತಿದ್ದ ಸ್ಟುವರ್ಟ್ ಸಟ್‌ಕ್ಲಿಫ್ ಬ್ಯಾಂಡ್ ಬಿಟ್ಟಾಗ ಆ ಕೆಲಸ ಪಾಲ್ ಹೆಗಲಿಗೆ ಬಂತು. ಬೇಜಾರಾದಾಗೆಲ್ಲ ನಾನು ಇದನ್ನ ನೆನಪಿಸ್ಕೊಳ್ತಿದ್ದೆ.

ಮೊದಲ ಆರ್ಕೆಸ್ಟ್ರಾ ಶೋ ವಿಡಿಯೋ ಅಮ್ಮನಿಗೆ ಕಳಿಸಿದ್ದೆ. ಎರಡು ಸಲ ನೋಡಿ ಫೋನ್ ಮಾಡಿದ್ರು. 'ಚೆನ್ನಾಗಿದೆ ಕಣೋ, ಆದ್ರೆ ನೀನೆಲ್ಲಿ?' 'ಅಮ್ಮಾ, ಎಡಗಡೆ ಕಂಬದ ಹಿಂದೆ ಒಂದು ಮೊಣಕೈ ಅಲ್ಲಾಡ್ತಿದೆಯಲ್ಲ, ಅದು ನಾನು.'

ಹಾಗಾದ್ರೆ ಬೇಸ್‌ನವನು ಮಾಡೋದಾದ್ರೂ ಏನು? ಡ್ರಮ್ಮಿನ ತಾಳಕ್ಕೂ ಮೇಲಿರೋ ಸ್ವರಗಳಿಗೂ ಗಂಟು ಹಾಕೋದು. ಎಲ್ಲಿ ಒತ್ತು ಬೀಳ್ಬೇಕು, ಶ್ರುತಿ ಎಲ್ಲಿ ನಿಂತಿದೆ, ಎರಡನ್ನೂ ಒಟ್ಟಿಗೆ ಹೇಳ್ತಾ ಇರೋದು. 1981ರ 'ಗೀತಾ' ಸಿನಿಮಾ ಹಾಡುಗಳನ್ನ ಒಳ್ಳೆ ಇಯರ್‌ಫೋನಲ್ಲಿ ಕೇಳಿ. ಇಳಯರಾಜ ಸಂಗೀತ. ಗಾಯಕರನ್ನ ಮರೆತು ಕೆಳಗೆ ಮಾತ್ರ ಗಮನ ಕೊಡಿ. ಅಲ್ಲಿ ಇನ್ನೊಬ್ಬ ಯಾರೋ ಹಾಡ್ತಿರೋ ಹಾಗೆ ಅನ್ಸುತ್ತೆ.

ಒಂದು ಸಲ ಹಳ್ಳಿಯ ಪೆಂಡಾಲಲ್ಲಿ ಹಾಡಿನ ಮಧ್ಯೆ ನನ್ನ ಕೇಬಲ್ ಕೈ ಕೊಟ್ತು. ಬೇಸ್ ಪೂರ್ತಿ ಬಂದ್! ಈಗ ಜನ ಕುಣಿಯೋದು ನಿಲ್ಲಿಸ್ತಾರೆ, ನನ್ನ ಬೆಲೆ ಗೊತ್ತಾಗುತ್ತೆ ಅಂದ್ಕೊಂಡೆ. ಯಾರೂ ನಿಲ್ಲಿಸ್ಲಿಲ್ಲ. ಹುಡುಗರು ಟವಲ್ ತಿರುಗಿಸ್ತಾ ಕುಣೀತಾನೇ ಇದ್ರು. ತಿರುಗಿ ನೋಡಿದ್ದು ಇಬ್ಬರೇ: ಡ್ರಮ್ಸ್‌ನವನು, ಗಾಯಕಿ. ಡ್ರಮ್ಸ್ ಓಡೋಕೆ ಶುರು ಮಾಡಿತ್ತು, ಆಯಮ್ಮನಿಗೆ ಶ್ರುತಿ ಸಿಗ್ತಿರಲಿಲ್ಲ. ನಾನು ನುಡಿಸೋದು ಆ ಇಬ್ಬರಿಗೆ ಅಂತ ಅವತ್ತು ಗೊತ್ತಾಯ್ತು.

ಇವತ್ತು ನಿಜವಾಗಿ ಹೇಳ್ಬೇಕು ಅಂದ್ಕೊಂಡು ಬಂದಿದ್ದು ಬೇರೆ ವಿಷಯ. ದುಡ್ಡಿನ ವಿಷಯ.

2018ರ ಗಣೇಶನ ಹಬ್ಬದ ಮುಂಚೆ ಒಂದು ಆರ್ಕೆಸ್ಟ್ರಾ ನಡೆಸೋರು ಫೋನ್ ಮಾಡಿದ್ರು. 'ನಮ್ಮ ಬೇಸ್‌ನವರು ಶೋಗೆ ಎರಡೂವರೆ ಸಾವಿರ ಕೇಳ್ತಾರೆ. ನೀವು ಎಷ್ಟಕ್ಕೆ ಬರ್ತೀರಾ?' ನನಗೆ ತಿಂಗಳ ಸಂಬಳ ಇದೆ, ಸ್ಟೇಜ್ ಸಿಕ್ಕಿದ್ರೆ ಸಾಕು. 'ದುಡ್ಡು ಮುಖ್ಯ ಅಲ್ಲ ಸರ್, ಸಾವಿರ ಕೊಡಿ' ಅಂದೆ. ಫೋನ್ ಇಟ್ಟ ಮೇಲೆ ನನ್ನ ಬಗ್ಗೆ ನನಗೇ ಹೆಮ್ಮೆ. ಕಲೆಗೋಸ್ಕರ ಬದುಕ್ತಿರೋ ಮನುಷ್ಯ ನಾನು!

ಅಕೌಂಟ್ಸ್ ಅಲ್ವಾ, ಲೆಕ್ಕವನ್ನೂ ಹೇಳ್ತೀನಿ. ಸಾವಿರದಲ್ಲಿ ಆಟೋಗೆ ಮುನ್ನೂರು. ರಾತ್ರಿ ಟೀ, ತಿಂಡಿ ನೂರು. ಒಂದು ಸೆಟ್ ತಂತಿಗೆ ಎರಡು ಸಾವಿರದ ಹತ್ರ, ಅದು ಒಂದು ಸೀಸನ್ ಬಾಳುತ್ತೆ. ಉಳಿಯೋದು ಐನೂರು ಚಿಲ್ಲರೆ. ಹೊರಡೋದು ಮಧ್ಯಾಹ್ನ ಮೂರಕ್ಕೆ, ಮನೆ ಸೇರೋದು ಬೆಳಗಿನ ಜಾವ ಮೂರಕ್ಕೆ. ನನಗೆ ಅದು ಪಾಕೆಟ್ ಮನಿ. ಎಲ್ಲರಿಗೂ ಹಾಗೇನೇ ಅಂತ ಹೇಗೋ ತಿಳ್ಕೊಂಡುಬಿಟ್ಟಿದ್ದೆ.

ಆ ಸೀಸನ್ನಲ್ಲಿ ಮಂಡ್ಯದ ಕಡೆ ಒಂದು ಹಳ್ಳೀಲಿ ಶೋ. ಸೌಂಡ್ ಚೆಕ್ ನಡೀತಿತ್ತು. ಸ್ಪೀಕರ್ ಬಾಕ್ಸ್ ಇಳಿಸ್ತಿದ್ದ ಒಬ್ಬರು, ಐವತ್ತರ ಆಸುಪಾಸು, ಸ್ಟೇಜ್ ಹತ್ರ ಬಂದು, 'ಎ ಸ್ಟ್ರಿಂಗ್ ಒಸಿ ಇಳ್ದದೆ, ನೋಡ್ಕಳಿ' ಅಂದ್ರು. ಟ್ಯೂನರ್ ಹಾಕಿ ನೋಡಿದೆ. ನಿಜ, ಇಳಿದಿತ್ತು. ಕಿವೀಲೇ ಹಿಡಿದಿದ್ರು.

ಹತ್ತು ಗಂಟೆಗೆ ಪೊಲೀಸ್ ಜೀಪ್ ಬಂತು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕೋ ಹಾಗಿಲ್ಲ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ. ಹಬ್ಬಗಳಿಗೆ ಅಂತ ರಾಜ್ಯ ಸರ್ಕಾರ ವರ್ಷಕ್ಕೆ ಹೆಚ್ಚೆಂದ್ರೆ 15 ದಿನ ಮಧ್ಯರಾತ್ರಿವರೆಗೆ ಸಡಿಲಿಕೆ ಕೊಡಬಹುದು. ಅವತ್ತು ಆ ದಿನ ಅಲ್ಲ. ಸಮಿತಿಯವರು ಪೊಲೀಸರ ಜೊತೆ ಮಾತಾಡ್ತಿದ್ರು, ನಾನು ಸ್ಟೇಜ್ ಹಿಂದೆ ಅವರ ಪಕ್ಕ ಕೂತೆ.

'ಅಣ್ಣಾ, ನೀವೂ ಬೇಸ್ ನುಡಿಸ್ತೀರಾ?'

'ಹೋದ್ವರ್ಸದ ಗಂಟ ಇದೇ ಆರ್ಕೆಸ್ಟ್ರಾದಾಗೆ ಇದ್ದೆ.'

ನನಗೆ ಏನ್ ಹೇಳ್ಬೇಕೋ ಗೊತ್ತಾಗ್ಲಿಲ್ಲ. ಅವರೇ ಕೇಳಿದ್ರು. 'ಎಷ್ಟು ಕೊಡ್ತಾರೆ ನಿಮ್ಗೆ?'

'ಎರಡೂವರೆ' ಅಂದೆ. ಸುಳ್ಳು.

ಅವರು ತಲೆ ಆಡಿಸಿ ಹೇಳಿದ್ರು: 'ರೇಟ್ ಇಳ್ಸಿಲ್ಲ ಅಂದ್ರೆ. ಸರಿ ಬುಡಿ. ಯಾರಾದ್ರೂ ಒಬ್ರು ನುಡಿಸ್ಲಿ.'

ಬೈದಿದ್ರೆ ಬೇಜಾರು ಮಾಡ್ಕೊಂಡು ಮರೀತಿದ್ದೆ. ಅವರು ಬೈಲಿಲ್ಲ. ವಾಪಸ್ ಬರುವಾಗ ಟೆಂಪೋದಲ್ಲಿ ಎಲ್ಲರೂ ನಿದ್ದೆ. ನನಗೆ ಬರಲಿಲ್ಲ. ಒಂದೂವರೆ ಸಾವಿರದ ವ್ಯತ್ಯಾಸ. ಹತ್ತು ಶೋಗೆ ಹದಿನೈದು ಸಾವಿರ. ನನಗೆ ಅದು ಬರೀ ಅಂಕಿ, ಅವರಿಗೆ ಮಕ್ಕಳ ಫೀಸು, ಮನೆ ಬಾಡಿಗೆ. ಕಲೆ ಮೇಲಿನ ಪ್ರೀತಿಗೆ ಅಂತ ನಾನು ಕೊಟ್ಟ ಡಿಸ್ಕೌಂಟ್ ಹೋಗಿದ್ದು ಅವರ ಜೇಬಿಂದ.

ಮುಂದಿನ ವಾರ ಆರ್ಕೆಸ್ಟ್ರಾದವರಿಗೆ ಫೋನ್ ಮಾಡಿ, ಸೀಸನ್ ಮುಗಿದ ಮೇಲೆ ನಾನು ಬರಲ್ಲ, ಹಳೇ ಬೇಸ್‌ನವರನ್ನೇ ಕರೀರಿ ಅಂದೆ. ಆಯ್ತು ಅಂದ್ರು. ಸಿನಿಮಾ ಆಗಿದ್ರೆ ಅವರನ್ನ ವಾಪಸ್ ಕರೀತಿದ್ರು. ಇಲ್ಲಿ ಹಾಗಾಗ್ಲಿಲ್ಲ. 2019ರಲ್ಲಿ ಆ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರೇ ಇರಲಿಲ್ಲ. ಕೀಬೋರ್ಡ್‌ನವರು ಎಡಗೈಯಲ್ಲಿ ಬೇಸ್ ಹಿಡಿದ್ರು, ಕೆಲವು ಹಾಡಿಗೆ ಟ್ರ್ಯಾಕ್ ಹಾಕಿದ್ರು. ಎರಡೂವರೆ ಸಾವಿರವನ್ನ ಸಾವಿರಕ್ಕೆ ಇಳಿಸಿದೋನು ನಾನು. ಸೊನ್ನೆ ಮಾಡೋದು ಅವರಿಗೆ ಕಷ್ಟ ಆಗ್ಲಿಲ್ಲ.

ಆ ಅಣ್ಣನ ನಂಬರ್ ಹುಡುಕಿ, ಹೋಗಿ ನಿಜ ಹೇಳಿದೆ. 'ಗೊತ್ತಿತ್ತು' ಅಂದ್ರು. 'ನಿಂಗೆ ಗೊತ್ತಾಗ್ಲಿ ಅಂತ ಸುಮ್ಕಿದ್ದೆ.' ಆಮೇಲೆ ಗಿಟಾರ್ ತೆಗಿ ಅಂದು, ನನ್ನ ಬಲಗೈ ನೋಡಿ, 'ಇಷ್ಟು ಜೋರಾಗಿ ಯಾಕೆ ಹೊಡೀತೀಯಾ? ಆಂಪ್ ಇರೋದು ಯಾತಕ್ಕೆ?' ಅಂತ ಅರ್ಧ ಗಂಟೆ ಪಾಠ ಮಾಡಿದ್ರು.

2020ರಲ್ಲಿ ಕೊರೊನಾ ಬಂತು. ಗಣೇಶ, ಮದುವೆ, ಜಾತ್ರೆ, ಯಾವುದೂ ಇಲ್ಲ. ನನಗೆ ಮನೇಲಿ ಕೂತ್ರೂ ಒಂದನೇ ತಾರೀಕು ಸಂಬಳ ಬರ್ತಿತ್ತು. ಅವರು ತರಕಾರಿ ಗಾಡಿ ಓಡಿಸಿದ್ರು. 'ಹವ್ಯಾಸಿ', 'ವೃತ್ತಿಪರ' ಅನ್ನೋ ಎರಡು ಪದಗಳ ಮಧ್ಯದ ವ್ಯತ್ಯಾಸ ನನಗೆ ಅರ್ಥ ಆಗಿದ್ದು ಆಗ. ಅವರು ನನಗಿಂತ ಚೆನ್ನಾಗಿ ನುಡಿಸ್ತಾರೆ ಅನ್ನೋದಷ್ಟೇ ಅಲ್ಲ. ಸ್ಟೇಜ್ ಇಲ್ದಿದ್ರೆ ನನ್ನ ವೀಕೆಂಡ್ ಬೋರಾಗುತ್ತೆ, ಅವರ ಅಡುಗೆಮನೆ ಖಾಲಿಯಾಗುತ್ತೆ.

ಅಮೆರಿಕದಲ್ಲಿ ಜೇಮ್ಸ್ ಜೇಮರ್ಸನ್ ಅಂತ ಒಬ್ಬರು ಬೇಸಿಸ್ಟ್ ಇದ್ರು. ಮೋಟೌನ್ ಕಂಪನಿಯ 1960ರ ದಶಕದ ಹಿಟ್ ಹಾಡುಗಳಲ್ಲಿ ಎಷ್ಟೋ ಹಾಡಿನ ಬೇಸ್ ಅವರದ್ದೇ. ಆದ್ರೆ 1971ರಲ್ಲಿ ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್' ಆಲ್ಬಮ್ ಬರೋವರೆಗೂ ಮೋಟೌನ್ ರೆಕಾರ್ಡ್‌ಗಳ ಮೇಲೆ ಅವರ ಹೆಸರನ್ನ ಹಾಕ್ತಿರಲಿಲ್ಲ. ಲೋಕವೆಲ್ಲ ಕುಣಿದ ಹಾಡಿನವರ ಕಥೆಯೇ ಹೀಗೆ. ಇನ್ನು ಮಂಡ್ಯದ ಪೆಂಡಾಲಿನ ಅಣ್ಣನ ಹೆಸರು ಯಾರು ಹಾಕ್ತಾರೆ? ಹೆಸರು ಬೇಡ, ಕನಿಷ್ಠ ರೇಟ್ ಆದ್ರೂ ಉಳೀಲಿ.

ಹಾಗಾಗಿ ಈಗ ನನ್ನ ನಿಯಮ ಇಷ್ಟೇ. ಗೆಳೆಯನ ಮದುವೆ, ಸರ್ಕಾರಿ ಶಾಲೆ ವಾರ್ಷಿಕೋತ್ಸವ, ಅಲ್ಲೆಲ್ಲ ಯಾರೂ ದುಡ್ಡು ತಗೊಳ್ತಿಲ್ಲ ಅಂದ್ರೆ ನಾನೂ ತಗೊಳ್ಳಲ್ಲ. ಆದ್ರೆ ಶಾಮಿಯಾನದವರಿಗೆ, ಜನರೇಟರ್‌ನವರಿಗೆ, ಊಟದವರಿಗೆ ದುಡ್ಡು ಹೋಗ್ತಿರೋ ಜಾಗದಲ್ಲಿ ಬೇಸ್‌ನವನು ಫ್ರೀ ಆಗಿ ನುಡಿಸ್ಬಾರದು. 'ಎಕ್ಸ್‌ಪೋಶರ್ ಸಿಗುತ್ತೆ ಬ್ರೋ' ಅಂತಾರೆ. ನಾನು ಕಂಬದ ಹಿಂದೆ ನಿಲ್ಲೋನು ಗುರು, ಎಂಥಾ ಎಕ್ಸ್‌ಪೋಶರ್? ಇನ್ನೊಬ್ಬರ ಜಾಗಕ್ಕೆ ಕರೆದ್ರೆ, ಮೊದಲು ಅವರಿಗೆ ಒಂದು ಫೋನ್ ಮಾಡಿ ಕೇಳ್ತೀನಿ. ಫೋಟೋಗ್ರಫಿ, ಎಡಿಟಿಂಗ್, ಡಿಸೈನ್ ಅಂತ ಸೈಡಲ್ಲಿ ಕೆಲಸ ಮಾಡ್ತಿರೋರು ನಿಮ್ಮಲ್ಲೂ ತುಂಬಾ ಜನ ಇದ್ದೀರಾ. ನಿಮ್ಮ ಡಿಸ್ಕೌಂಟ್ ಯಾರ ಜೇಬಿಂದ ಹೋಗ್ತಿದೆ ಅಂತ ಒಂದು ಸಲ ನೋಡ್ಕೊಳ್ಳಿ.

ಹೋದ ನವೆಂಬರಲ್ಲಿ ನಮ್ಮ ಬಡಾವಣೆಯ ರಾಜ್ಯೋತ್ಸವಕ್ಕೆ ನನ್ನನ್ನ ಕರೆದಿದ್ರು. ಡ್ರಮ್ಸ್‌ನವನು ನಮ್ಮ ಹುಡುಗನೇ. 'ಮೂರು ಸಾವಿರ ಆಗುತ್ತೆ, ನನಗಿಂತ ಒಳ್ಳೆಯವರೊಬ್ರು ಇದ್ದಾರೆ' ಅಂತ ಅಣ್ಣನ ನಂಬರ್ ಕೊಟ್ಟೆ. ಚೌಕಾಸಿ ಆಯ್ತು, ಕೊನೆಗೆ ಒಪ್ಪಿದ್ರು. ಅವತ್ತು ನಾನು ಸೌಂಡ್‌ನವರ ಪಕ್ಕ ನಿಂತಿದ್ದೆ, ಸಬ್ ವೂಫರ್ ಬಾಕ್ಸ್ ಮೇಲೆ ಕೈ ಇಟ್ಕೊಂಡು. ಅವರು ಮೊದಲನೇ ಸ್ವರ ಮೀಟಿದಾಗ ಅಂಗೈ ನಡುಗ್ತು. ಡ್ರಮ್ಸ್‌ನವನು ತಿರುಗಿ ಅವರನ್ನ ನೋಡಿ ಹುಬ್ಬು ಹಾರಿಸಿದ. ಅವನು ನನ್ನನ್ನ ಯಾವತ್ತೂ ಹಾಗೆ ನೋಡಿಲ್ಲ. ಸ್ವಲ್ಪ ಹೊಟ್ಟೆ ಉರೀತು, ಸುಳ್ಳು ಯಾಕೆ ಹೇಳ್ಲಿ.

ವಿಡಿಯೋ ಮಾಡಿ ಅಮ್ಮನಿಗೆ ಕಳಿಸಿದೆ. 'ಈ ಸಲ ಮೊಣಕೈನೂ ಕಾಣ್ತಿಲ್ವಲ್ಲೋ' ಅಂದ್ರು. 'ಅಮ್ಮಾ, ಇದನ್ನ ಇಯರ್‌ಫೋನ್ ಹಾಕ್ಕೊಂಡು ಕೇಳು' ಅಂದೆ.

ನೀವೂ ಹಾಗೇ ಕೇಳಿ. ವಾಲ್ಯೂಮ್ ಮಾತ್ರ ಕಮ್ಮಿ ಇಟ್ಕೊಳ್ಳಿ, ಕಿವಿ ಒಂದು ಸಲ ಹೋದ್ರೆ ಮತ್ತೆ ಬರಲ್ಲ.