ಹಿತ್ತಿಲ ತಾಳೆ ಸಸಿ: ಬುಡ ನೋಡಿ ಗುರುತು ಹಿಡಿಯಿರಿ



ಮಳೆಗಾಲ ಹಿಡಿದ ಮೇಲೆ ಕೆಜಿಎಫ್, ಬಂಗಾರಪೇಟೆ ಕಡೆಯ ಹಿತ್ತಿಲುಗಳಲ್ಲಿ ಯಾರೂ ಬಿತ್ತದ ಗಿಡಗಳು ಏಳುತ್ತವೆ. ಅವುಗಳ ನಡುವೆ ದಪ್ಪ ಹುಲ್ಲಿನ ಎಸಳಿನಂಥದ್ದು ಕಂಡರೆ ಕೀಳುವ ಮೊದಲು ಬೆರಳಲ್ಲಿ ಸವರಿ ನೋಡಿ. ಎಲೆ ಗಡುಸಾಗಿದ್ದು, ಉದ್ದಕ್ಕೂ ಮಡಿಕೆಗಳಿದ್ದರೆ ಅದು ಈಚಲು ಸಸಿ ಇರಬಹುದು. ಹಣ್ಣು ತಿಂದ ಹಕ್ಕಿಗಳು ಬೀಜವನ್ನು ಎಲ್ಲೆಂದರಲ್ಲಿ ಉದುರಿಸುತ್ತವೆ.

ತೆಂಗು, ಅಡಿಕೆ, ಈಚಲು, ತಾಳೆ, ಬೈನೆ ಎಲ್ಲವೂ ಒಂದೇ ತಾಳೆ ಕುಟುಂಬದವು. ಮರವಾದ ಮೇಲೆ ಚಿಕ್ಕ ಮಕ್ಕಳೂ ಗುರುತಿಸುತ್ತಾರೆ. ಸಸಿಯಲ್ಲಿ ಮಾತ್ರ ಕಣ್ಣು ಮೋಸ ಹೋಗುತ್ತದೆ. ತೆಂಗಿನ ಗರಿ, ತಾಳೆಯ ಬೀಸಣಿಗೆ ಯಾವುದೂ ಮೊದಲ ಎಲೆಗಳಲ್ಲಿ ಕಾಣುವುದಿಲ್ಲ. ಈಚಲು, ತಾಳೆಗಳ ಮೊದಲ ಎಲೆ ಪಟ್ಟಿಯಂತೆ ಒಂದೇ ಎಸಳು. ಅಡಿಕೆ, ಬೈನೆಗಳದ್ದು ತುದಿಯಲ್ಲಿ ಕವಲೊಡೆದಿರುತ್ತದೆ. ಬೈನೆಯ ಅಂಚು ಹರಿದಂತೆ ಕಚ್ಚುಕಚ್ಚಾಗಿರುತ್ತದೆ. ಕುಂಡದಲ್ಲಿ ಬೆಳೆಸುವ ಅರೆಕಾ ಪಾಮ್ ಸಸಿಯ ಎಲೆಯೂ ಕವಲೇ!

ಆದ್ದರಿಂದ ಎಲೆಯೊಂದನ್ನೇ ನಂಬಬೇಡಿ. ಸಸಿಯನ್ನು ಕೀಳದೆ, ಕಡ್ಡಿಯಿಂದ ಬುಡದ ಮಣ್ಣನ್ನು ಮೆಲ್ಲಗೆ ಸರಿಸಿ ಬೀಜ ಹುಡುಕಿ. ಈಚಲು ಬೀಜದ ಒಂದು ಬದಿಯಲ್ಲಿ ಉದ್ದನೆಯ ಗೀರು, ಅದರ ಎದುರು ಬದಿಯಲ್ಲಿ ಪುಟ್ಟ ಗುಳಿ. ಮೊಳಕೆ ಹೊರಡುವುದು ಆ ಗುಳಿಯಿಂದ. ಅಡಿಕೆಯಾದರೆ ನಾರಿನ ಸಿಪ್ಪೆಯ ದಪ್ಪ ಕಾಯಿ ಬುಡಕ್ಕೇ ಅಂಟಿರುತ್ತದೆ. ಅರೆಕಾ ಪಾಮ್ ಬೀಜ ಅದಕ್ಕಿಂತ ಬಹಳ ಚಿಕ್ಕದು.

ತಾಳೆಯದ್ದು ಬೇರೆಯೇ ದಾರಿ. ನಾವು ತಾಟಿನಿಂಗು ತಿನ್ನುವ ಮರದ ಬಲಿತ ಬೀಜ ಮೊಳೆತಾಗ ಮೊಳಕೆ ಮೇಲಕ್ಕೆ ಬರುವುದಿಲ್ಲ, ನೆಲದೊಳಕ್ಕೆ ಇಳಿಯುತ್ತದೆ. ಬೀಜದ ಆಹಾರವೆಲ್ಲ ಅಲ್ಲಿ ಗೆಡ್ಡೆಯಾಗಿ ಕೂಡುತ್ತದೆ. ಎಲೆ ಹೊರಬರುವುದು ಆಮೇಲೆ. ತಮಿಳರು ಬೇಯಿಸಿ ತಿನ್ನುವ ಪನಂಗಿಳಂಗು ಇದೇ. ಬೇರು ಇಷ್ಟು ಆಳಕ್ಕೆ ಹೋಗುವುದರಿಂದ ತಾಳೆ ಸಸಿಯನ್ನು ಕಿತ್ತು ನೆಟ್ಟರೆ ಬದುಕುವುದು ಕಷ್ಟ. ಮರ ಎಲ್ಲಿ ಬೇಕೋ ಅಲ್ಲೇ ಬೀಜ ಹೂಳಿ.

ಉಳಿದವನ್ನು ಕುಂಡದಲ್ಲಿ ಬೆಳೆಸಬಹುದು. ಅಗಲಕ್ಕಿಂತ ಆಳದ ಕುಂಡ ಒಳ್ಳೆಯದು. ಕೆಂಪು ಮಣ್ಣು, ಮರಳು, ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ ಸಾಕು. ಕೆಜಿಎಫ್‌ನವರಿಗೆ ಒಂದು ಮಾತು: ಚಿನ್ನದ ಗಣಿ 2001ರಲ್ಲಿ ಮುಚ್ಚಿದರೂ, ಅದಿರಿನಿಂದ ಚಿನ್ನ ತೆಗೆದು ಉಳಿದ ಪುಡಿಯ ಸೈನೈಡ್ ದಿಬ್ಬಗಳು ಹಾಗೇ ನಿಂತಿವೆ. ಹತ್ತಿರ ಸಿಗುತ್ತದೆಂದು ಆ ಪುಡಿಯನ್ನು ಕುಂಡಕ್ಕೆ ತುಂಬಬೇಡಿ. ಬೋರ್‌ವೆಲ್‌ನ ಗಡಸು ನೀರಿನಿಂದ ಕುಂಡದ ಅಂಚಿಗೆ ಬಿಳಿ ಪುಡಿ ಕಟ್ಟಿ, ಎಲೆಯ ತುದಿ ಸುಟ್ಟಂತಾದರೆ ಮಳೆನೀರು ಹಾಯಿಸಿ ಮಣ್ಣು ತೊಳೆಯಿರಿ. ನೀರು ಬುಡಕ್ಕಿರಲಿ, ಸುಳಿಯಲ್ಲಿ ನಿಲ್ಲದಿರಲಿ. ಸುಳಿ ಕೊಳೆತರೆ ಆ ಸಸಿಯ ಕಥೆ ಮುಗಿದಂತೆ. ಬೀಜವನ್ನೂ ಬಿಡಿಸಬೇಡಿ, ಮೊದಲ ತಿಂಗಳುಗಳಲ್ಲಿ ಸಸಿ ಉಣ್ಣುವುದು ಅದರಿಂದಲೇ.

ತೆಂಗಿನ ಸಸಿ ಕೊಳ್ಳುವವರು ಎತ್ತರಕ್ಕೆ ಮರುಳಾಗಬೇಡಿ. ಒಂದು ವರ್ಷದ ಸಸಿಗೆ ಕನಿಷ್ಠ ಆರು ಎಲೆ, ಹತ್ತು ಸೆಂಟಿಮೀಟರ್ ಸುತ್ತಳತೆಯ ಬುಡ ಇರಲಿ. ಎಲೆ ಬೇಗ ಗರಿಯಾಗಿ ಸೀಳಿದ್ದರೆ ಇನ್ನೂ ಒಳ್ಳೆಯದು.

ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರ ಜಿಲ್ಲೆಯಲ್ಲಿ, ಬೇರು ಹಿಡಿದ ಮೇಲೆ ನೀರು ಕೇಳದ ಮರಗಳು ಈಚಲು ಮತ್ತು ತಾಳೆ. ಈಚಲಿಗೆ ಮುಳ್ಳಿದೆ, ಓಡಾಡುವ ದಾರಿಯಲ್ಲಿ ಬೇಡ. ಬೇಲಿಯಂಚಿನಲ್ಲಿ ಒಂದಾದರೂ ಇರಲಿ.