ತರಂಗಂಬಾಡಿಯ ಲೂಥರನ್ ಸಭೆ: ಕಲಿಕೆಯೂ ಬಾಳುವೆಯೂ

ಸಂಜೆ ದೀಪ ಹಚ್ಚಿದ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಬಾಯಿಪಾಠ ಹೇಳಿಸುವ ಪದ್ಧತಿ ನಮಗೆ ಹೊಸದಲ್ಲ. ಮಗ್ಗಿಯಾಗಲಿ, ಸ್ತೋತ್ರವಾಗಲಿ, ದಾಸರ ಪದವಾಗಲಿ, ಹಿರಿಯರು ಹೇಳಿಕೊಡುವರು, ಕಿರಿಯರು ಒಪ್ಪಿಸುವರು. ಹೀಗೆ ಒಪ್ಪಿಸುವಾಗ ಯಾವುದಾದರೂ ಒಂದು ಮಗು ನಡುವೆ ನಿಲ್ಲಿಸಿ, "ಹಾಗೆಂದರೇನು?" ಎಂದು ಕೇಳಿಬಿಡುತ್ತದೆ. ಆಗ ನಮ್ಮಲ್ಲಿ ಅನೇಕರು ಮಾಡುವುದೇನು? "ಮೊದಲು ಹೇಳು, ಆಮೇಲೆ ತಿಳಿಯುತ್ತದೆ" ಎಂದು ಸುಮ್ಮನಾಗಿಸುತ್ತೇವೆ. ಮಗುವಿನ ಈ ಪ್ರಶ್ನೆಯನ್ನೇ ಧರ್ಮಬೋಧೆಯ ಕೀಲಿಕೈಯಾಗಿ ಮಾಡಿಕೊಂಡ ಒಂದು ಪುಟ್ಟ ಪುಸ್ತಕವಿದೆ. ಅದು ಮಾರ್ಟಿನ್ ಲೂಥರನು 1529ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ ಚಿಕ್ಕ ಪ್ರಶ್ನೋತ್ತರ. ಆ ಪುಸ್ತಕವನ್ನು ಕೈಯಲ್ಲಿ ಹಿಡಿದು ನಮ್ಮ ನೆರೆಯ ಕಡಲ ತೀರದಲ್ಲಿ ಬೆಳೆದ ಒಂದು ಸಭೆಯ ಕಥೆಯೇ ಈ ಹೊತ್ತಿನ ವಿಷಯ.

ಪುಸ್ತಕ ಹುಟ್ಟಿದ ಸಂದರ್ಭವನ್ನು ಮೊದಲು ನೋಡೋಣ. 1528ರ ಸುಮಾರಿನಲ್ಲಿ ಲೂಥರನು ಸ್ಯಾಕ್ಸನಿಯ ಹಳ್ಳಿಗಳ ಸಭೆಗಳನ್ನು ಕಂಡುಬಂದನು. ಕಂಡದ್ದು ಅವನ ಮನಸ್ಸನ್ನು ಕಲಕಿತು. ಜನರಿಗೆ ತಮ್ಮ ನಂಬಿಕೆಯ ಮೊದಲ ಅಕ್ಷರಗಳೇ ತಿಳಿದಿರಲಿಲ್ಲ. ಕಲಿಸಬೇಕಾದ ಪಾದ್ರಿಗಳಲ್ಲಿಯೂ ಹಲವರು ಅಷ್ಟಕ್ಕಷ್ಟೆ. ಪಂಡಿತರಿಗಾಗಿ ಗ್ರಂಥಗಳನ್ನು ಬರೆಯುತ್ತಿದ್ದ ಆತನು ಈಗ ಮನೆಯ ಯಜಮಾನನಿಗೂ ಮಕ್ಕಳಿಗೂ ಆಳುಗಳಿಗೂ ಆಗುವಂತೆ ಬರೆಯಲು ಕುಳಿತನು. ಮೊದಲು ಅದು ಪುಸ್ತಕವಾಗಿಯೇ ಬರಲಿಲ್ಲ. ಗೋಡೆಗೆ ತೂಗುಹಾಕುವ ದೊಡ್ಡ ಹಾಳೆಗಳಾಗಿ ಅಚ್ಚಾಯಿತು. ದಶಾಜ್ಞೆಗಳು, ನಂಬಿಕೆಯ ಪ್ರಮಾಣ, ಕರ್ತನ ಪ್ರಾರ್ಥನೆ, ದೀಕ್ಷಾಸ್ನಾನ, ಪಾಪನಿವೇದನೆ, ಪ್ರಭುಭೋಜನ ಎಂಬ ಭಾಗಗಳು. ಜೊತೆಗೆ ಬೆಳಗ್ಗೆ ಎದ್ದಾಗ, ರಾತ್ರಿ ಮಲಗುವಾಗ, ಊಟಕ್ಕೆ ಕುಳಿತಾಗ ಹೇಳತಕ್ಕ ಪ್ರಾರ್ಥನೆಗಳು. ಒಂದೊಂದು ವಾಕ್ಯವಾದ ಮೇಲೂ ಅದೇ ಪ್ರಶ್ನೆ: ಹಾಗೆಂದರೇನು?

ಉತ್ತರಗಳ ರೀತಿಯನ್ನು ಗಮನಿಸಬೇಕು. ಕೊಲ್ಲಬಾರದು ಎಂಬ ಆಜ್ಞೆಗೆ, ಕೊಲ್ಲದೆ ಇದ್ದರೆ ಸಾಲದು, ನೆರೆಯವನ ಶರೀರಕ್ಕೆ ಬಂದ ಕಷ್ಟದಲ್ಲಿ ಕೈಹಿಡಿಯಬೇಕು ಎಂಬ ಅರ್ಥವನ್ನು ಕೊಡುತ್ತಾನೆ. ಸುಳ್ಳುಸಾಕ್ಷಿ ಹೇಳಬಾರದೆಂಬುದಕ್ಕೆ, ನೆರೆಯವನ ಬೆನ್ನ ಹಿಂದೆ ಆಡಿಕೊಳ್ಳದೆ, ಅವನ ನಡತೆಗೆ ಆದಷ್ಟೂ ಒಳ್ಳೆಯ ಅರ್ಥವನ್ನೇ ಹಚ್ಚಬೇಕು ಎನ್ನುತ್ತಾನೆ. ದಿನದ ರೊಟ್ಟಿ ಎಂಬ ಮಾತಿನಲ್ಲಿ ಅನ್ನ, ಬಟ್ಟೆ, ಪಾದರಕ್ಷೆ, ಮನೆ, ಹೊಲ, ದನಕರು, ಒಳ್ಳೆಯ ಆಳ್ವಿಕೆ, ಕಾಲಕ್ಕೆ ಸರಿಯಾದ ಹವೆ, ಒಳ್ಳೆಯ ನೆರೆಹೊರೆ ಎಲ್ಲವನ್ನೂ ಸೇರಿಸುತ್ತಾನೆ. ದೇವರ ವಿಷಯವನ್ನು ಕಲಿಯುತ್ತ ಮಗು ನೆರೆಮನೆಯವನ ವಿಷಯವನ್ನೂ ಕಲಿಯುತ್ತದೆ. ಲೂಥರನ್ನರಲ್ಲಿ ಕಲಿಕೆ ಬೇರೆ, ಬಾಳುವೆ ಬೇರೆ ಅಲ್ಲವೆಂಬುದಕ್ಕೆ ಇದು ಮೂಲ. ಶಿಶುವಾಗಿದ್ದಾಗ ದೀಕ್ಷಾಸ್ನಾನ ಪಡೆದ ಹುಡುಗ ಹುಡುಗಿಯರು ಈ ಪಾಠವನ್ನು ಕಲಿತು, ಸಭೆಯ ಎದುರಿಗೆ ನಿಂತು ಉತ್ತರ ಹೇಳಿ, ದೃಢೀಕರಣ ಹೊಂದಿ, ಪ್ರಭುಭೋಜನದ ಪಂಕ್ತಿಗೆ ಬರುವುದು ಅವರ ವಾಡಿಕೆ.

ಇನ್ನು ತರಂಗಂಬಾಡಿಗೆ ಬರೋಣ. ಕಾವೇರಿಯ ಮುಖಜ ಭೂಮಿಯಲ್ಲಿ, ಕಾರೈಕಾಲಿನ ಉತ್ತರಕ್ಕೆ, ಬಂಗಾಳ ಕೊಲ್ಲಿಯ ಅಂಚಿನಲ್ಲಿರುವ ಊರು ಅದು. ನಮ್ಮ ಕೊಡಗಿನಲ್ಲಿ ಹುಟ್ಟಿದ ಹೊಳೆ ಕಡಲು ಸೇರುವ ಸೀಮೆ. 1620ರಲ್ಲಿ ಡೇನರು ತಂಜಾವೂರಿನ ನಾಯಕ ಅರಸನಿಂದ ಅದನ್ನು ಪಡೆದು ಕೋಟೆ ಕಟ್ಟಿ ವ್ಯಾಪಾರಕ್ಕಿಳಿದರು. 1845ರಲ್ಲಿ ಇಂಗ್ಲಿಷರಿಗೆ ಮಾರಿದರು. ಡೆನ್ಮಾರ್ಕಿನ ನಾಲ್ಕನೆಯ ಫ್ರೆಡರಿಕ್ ದೊರೆಯು ಕಳುಹಿಸಿದ ಇಬ್ಬರು ಜರ್ಮನ್ ತರುಣರು, ಸೀಗನ್‌ಬಾಲ್ಗ್ ಮತ್ತು ಪ್ಲೂಚೌ, 1706ರ ಜುಲೈ 9ರಂದು ಅಲ್ಲಿಗೆ ಬಂದಿಳಿದರು. ಸೀಗನ್‌ಬಾಲ್ಗನಿಗೆ ಆಗ ಇಪ್ಪತ್ತನಾಲ್ಕರ ಆಸುಪಾಸು.

ಕಲಿಸಲು ಬಂದವನು ಮೊದಲು ಕಲಿಯಲು ಕುಳಿತನು. ಊರಿನ ಒಬ್ಬ ವೃದ್ಧ ಉಪಾಧ್ಯಾಯರು ತಮ್ಮ ಶಾಲೆಯನ್ನು ಅವನ ಮನೆಯಲ್ಲಿಯೇ ನಡೆಸಲು ಒಪ್ಪಿದರು. ಚಿಕ್ಕ ಹುಡುಗರ ನಡುವೆ ನೆಲದ ಮೇಲೆ ಕುಳಿತು, ಮರಳಿನಲ್ಲಿ ಬೆರಳಿಟ್ಟು, ಆತನು ತಮಿಳಕ್ಷರಗಳನ್ನು ತಿದ್ದಿದನು. ತಾಳೆಗರಿಯ ಗ್ರಂಥಗಳನ್ನು ಕೂಡಿಸಿ ಓದಿದನು. ಮರುವರ್ಷ, 1707ರಲ್ಲಿ, ಮೊದಲ ದೀಕ್ಷಾಸ್ನಾನವಾಯಿತು. ಪಡೆದವರು ಡೇನರ ಮನೆಗಳಲ್ಲಿದ್ದ ಐವರು ಗುಲಾಮರು. ಅದೇ ವರ್ಷ ಒಂದು ಸಣ್ಣ ದೇವಾಲಯವೂ, ಹೆಣ್ಣುಮಕ್ಕಳಿಗಾಗಿ ಒಂದು ಶಾಲೆಯೂ ಆದುವು. ಕೋಟೆಯ ಅಧಿಕಾರಿಗಳಿಗೆ ಇದೆಲ್ಲ ಹಿಡಿಸಲಿಲ್ಲ. ಸೀಗನ್‌ಬಾಲ್ಗನು ತನ್ನ ದೊರೆಯ ಕೋಟೆಯಲ್ಲಿಯೇ ನಾಲ್ಕು ತಿಂಗಳು ಸೆರೆಯಲ್ಲಿರಬೇಕಾಯಿತು.

ಆಮೇಲೆ ಮುದ್ರಣಯಂತ್ರ ಬಂತು. ಜರ್ಮನಿಯ ಹಾಲೆ ಪಟ್ಟಣದಿಂದ ತಮಿಳು ಅಚ್ಚುಮೊಳೆಗಳು ಬಂದುವು. 1715ರ ವೇಳೆಗೆ ತಮಿಳು ಹೊಸ ಒಡಂಬಡಿಕೆಯ ಮುದ್ರಣ ಮುಗಿಯಿತು. ಲೂಥರನ ಪ್ರಶ್ನೋತ್ತರವೂ ತಮಿಳಾಯಿತು. ವಿಟೆನ್‌ಬರ್ಗಿನ ರೈತನ ಮಗ ಕೇಳಿದ "ಹಾಗೆಂದರೇನು?" ಎಂಬ ಪ್ರಶ್ನೆಯನ್ನು ಈಗ ಬೆಸ್ತರ ಊರಿನ ಹುಡುಗನು ತನ್ನ ತಾಯಿನುಡಿಯಲ್ಲಿ ಕೇಳುವಂತಾಯಿತು. 1718ರಲ್ಲಿ ಹೊಸ ಜೆರುಸಲೇಮ್ ದೇವಾಲಯ ಎದ್ದಿತು. ಅದು ಇಂದಿಗೂ ನಿಂತಿದೆ. ಮರುವರ್ಷವೇ ತೀರಿಕೊಂಡ ಸೀಗನ್‌ಬಾಲ್ಗನ ಸಮಾಧಿ ಅದರೊಳಗಿದೆ.

ಸಭೆಯೆಂದರೆ ಕಟ್ಟಡವಲ್ಲ, ವಾಕ್ಯವನ್ನು ಬೋಧಿಸಿ, ಸಂಸ್ಕಾರಗಳನ್ನು ನೆರವೇರಿಸುವ ಕಡೆ ಕೂಡಿದ ಜನವೇ ಸಭೆ ಎಂಬುದು 1530ರ ಆಗ್ಸ್‌ಬರ್ಗ್ ಒಪ್ಪಂದಪತ್ರದ ನಿಲುವು. ಆ ಜನವನ್ನು ನಿಜವಾಗಿ ಕಟ್ಟಿದವರು ದೂರದ ಪಾದ್ರಿಗಳಿಗಿಂತ ಹೆಚ್ಚಾಗಿ ಊರೂರು ನಡೆದ ಉಪದೇಶಿಗಳು. ಮನೆಯ ಜಗಲಿಯ ಮೇಲೆ ಕುಳಿತು ಪಾಠ ಹೇಳಿದವರು, ಕಾಯಿಲೆಯವರನ್ನು ವಿಚಾರಿಸಿದವರು, ಜಗಳ ಬಿಡಿಸಿದವರು, ಸತ್ತವರನ್ನು ಮಣ್ಣುಮಾಡಿದವರು ಅವರೇ. ಅವರಲ್ಲಿ ಕಡಲೂರಿನ ಕಡೆಯ ಆರೋನ್ ಎಂಬಾತನು 1733ರಲ್ಲಿ ಪಾದ್ರಿಯಾದನು. ನಮ್ಮ ದೇಶದ ಪ್ರಾಟೆಸ್ಟೆಂಟ್ ಪಾದ್ರಿಗಳಲ್ಲಿ ಮೊದಲಿಗನು ಆತನೇ.

ಹಾಡಿನ ಮಾತನ್ನೂ ಹೇಳಬೇಕು. ಮೊದಮೊದಲು ಜರ್ಮನ್ ಧಾಟಿಗಳಿಗೆ ತಮಿಳು ಮಾತುಗಳನ್ನು ಹೊಂದಿಸಿ ಹಾಡುತ್ತಿದ್ದರು. ಫಬ್ರೀಷಿಯಸ್ ಎಂಬ ವಿದ್ವಾಂಸನು ಅಂಥ ಕೀರ್ತನೆಗಳನ್ನು ಬಲು ಶ್ರಮದಿಂದ ತಿದ್ದಿಕೊಟ್ಟನು. ಆದರೆ ಆ ನಾಡಿನ ಕಿವಿ ಬೇರೆ. ತಂಜಾವೂರಿನಲ್ಲಿ ಷ್ವಾರ್ಟ್ಸ್ ಎಂಬ ಲೂಥರನ್ ಪಾದ್ರಿಯ ಬಳಿ ಬೆಳೆದ ವೇದನಾಯಕ ಶಾಸ್ತ್ರಿಯು (1774-1864) ಕರ್ಣಾಟಕ ಸಂಗೀತದ ರಾಗತಾಳಗಳಲ್ಲಿ ಕ್ರೈಸ್ತ ಕೀರ್ತನೆಗಳನ್ನು ರಚಿಸಿ ಕಥಾಕಾಲಕ್ಷೇಪದಂತೆ ಹಾಡಿದನು. ಆಗ ಸಭೆಯವರಿಗೆ ನಂಬಿಕೆ ಪರದೇಶದ ಸಾಮಾನು ಎನ್ನಿಸದೆ ಮನೆಯ ಮಾತೆನ್ನಿಸಿತು. ಕನ್ನಡದಲ್ಲಿಯೂ ಇಂಥದೊಂದು ಪ್ರಯತ್ನ ನಡೆದದ್ದು ನಿಮಗೆ ನೆನಪಿರಬಹುದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನಲ್ಲಿ ಲೂಥರನ್ನರೂ ರಿಫಾರ್ಮ್ಡ್ ಪಂಥದವರೂ ಕೂಡಿ ದುಡಿದರು. ನಿಘಂಟಿನ ಕಿಟ್ಟೆಲ್ಲರು ಅದೇ ಬಳಗದವರು. 1862ರಲ್ಲಿ ಅವರು ಯೇಸುವಿನ ಚರಿತ್ರೆಯನ್ನು ಕನ್ನಡ ಛಂದಸ್ಸಿನಲ್ಲಿ 'ಕಥಾಮಾಲೆ'ಯಾಗಿ ಬರೆದರು.

ಇಲ್ಲಿಯವರೆಗೆ ಹೇಳಿದ್ದು ಕಥೆಯ ಬೆಳಕಿನ ಭಾಗ. ಕಲಿತದ್ದೆಲ್ಲ ಬಾಳಿಗೆ ಇಳಿಯಿತೇ? ಈ ಪ್ರಶ್ನೆಗೆ ತರಂಗಂಬಾಡಿಯ ಸಭೆ ತಲೆತಗ್ಗಿಸಬೇಕಾದ ಉತ್ತರವೂ ಇದೆ. "ನಮ್ಮ ತಂದೆಯೇ" ಎಂದು ಒಂದೇ ಪ್ರಾರ್ಥನೆಯನ್ನು ಹೇಳುತ್ತಿದ್ದ ಜನ ದೇವಾಲಯದೊಳಗೆ ಜಾತಿಯ ಪ್ರಕಾರ ಬೇರೆ ಬೇರೆ ಕಡೆ ಕೂರುತ್ತಿದ್ದರು. ರಾಜನಾಯಕನ್ ಎಂಬ ಉಪದೇಶಿಯೊಬ್ಬನಿದ್ದನು. ತಂಜಾವೂರಿನ ಸೈನ್ಯದಲ್ಲಿದ್ದವನು, ತರಂಗಂಬಾಡಿಯಲ್ಲಿ ಅಚ್ಚಾದ ಪುಸ್ತಕವನ್ನು ತಾನೇ ಓದಿ ಈ ಸಭೆಗೆ ಬಂದವನು, ಹಲವು ವರ್ಷ ಪೆಟ್ಟು ನಿಂದೆಗಳನ್ನು ಸಹಿಸಿ ಬೋಧಿಸಿದವನು. ಆರೋನನ ತರುವಾಯ ಇನ್ನೊಬ್ಬ ಪಾದ್ರಿಯನ್ನು ಆರಿಸುವಾಗ ಅವನ ಹೆಸರೂ ಬಂತು. ಆದರೆ ಅವನು ಪರಯರ ಕುಲದವನು; ಅವನ ಕೈಯಿಂದ ಪ್ರಭುಭೋಜನವನ್ನು ಮೇಲಿನವರು ಸ್ವೀಕರಿಸಲಾರರು ಎಂಬ ಅಂಜಿಕೆಯಿಂದ ಅವನನ್ನು ಬಿಟ್ಟು, 1741ರಲ್ಲಿ ಡಿಯೋಗೋ ಎಂಬಾತನಿಗೆ ಆ ಪಟ್ಟವನ್ನು ಕೊಟ್ಟರು. ರಾಜನಾಯಕನ್ ಕಡೆಯವರೆಗೂ ಉಪದೇಶಿಯಾಗಿಯೇ ಉಳಿದನು.

ಮುಂದೆ 1833ರಲ್ಲಿ ಆಂಗ್ಲಿಕನ್ ಬಿಷಪ್ ವಿಲ್ಸನ್ನರು ಸಭೆಗಳಲ್ಲಿ ಜಾತಿಭೇದವನ್ನು ಬಿಡಲೇಬೇಕೆಂದು ಕಟ್ಟಪ್ಪಣೆ ಮಾಡಿದರು. ಲೈಪ್ಜಿಗ್ಗಿನಿಂದ ಬಂದ ಲೂಥರನ್ ಮಿಶನರಿಗಳು, ಇದು ಬಲವಂತದಿಂದ ಆಗದು, ನಿಧಾನವಾಗಿ ತಿದ್ದಬೇಕು ಎಂದರು. ಪರಿಣಾಮವಾಗಿ, ಆಸನಭೇದವನ್ನು ಬಿಡಲೊಲ್ಲದ ಹಲವರು ಇವರ ಸಭೆಯನ್ನೇ ಸೇರಿಕೊಂಡರು. ಅಷ್ಟು ಇಂಪಾಗಿ ಹಾಡಿದ ವೇದನಾಯಕ ಶಾಸ್ತ್ರಿಯೂ ಹಳೆಯ ಆಸನಕ್ರಮದ ಪರವಾಗಿಯೇ ವಾದಿಸಿದ್ದನು. ತಾಳ್ಮೆ ಎಲ್ಲಿ ಮುಗಿದು ಅನ್ಯಾಯದೊಡನೆ ರಾಜಿ ಎಲ್ಲಿ ಮೊದಲಾಗುತ್ತದೆ ಎಂಬುದನ್ನು ಗುರುತಿಸುವುದು ಯಾವ ಸಮಾಜಕ್ಕೂ ಸುಲಭವಲ್ಲ. ಆದರೆ ಆ ತಾಳ್ಮೆಯ ಬೆಲೆಯನ್ನು ತೆತ್ತವನು ಯಾವಾಗಲೂ ಹಿಂದೆ ಕುಳಿತವನೇ. ಈ ಗಂಟು ಈ ನಾಡಿನ ಎಲ್ಲ ಮತಗಳಲ್ಲಿಯೂ ಇದ್ದದ್ದು. ಪೂರ್ತಿ ಬಿಚ್ಚಿತೆಂದು ಇಂದೂ ಹೇಳಲಾಗದು.

ಮೊದಲ ಮಹಾಯುದ್ಧದಲ್ಲಿ ಜರ್ಮನ್ ಮಿಶನರಿಗಳು ದೇಶ ಬಿಡಬೇಕಾಯಿತು. ಸ್ವೀಡನ್ನಿನವರು ನೆರವಿಗೆ ನಿಂತರು. 1919ರಲ್ಲಿ ತಮಿಳು ಇವಾಂಜಲಿಕಲ್ ಲೂಥರನ್ ಸಭೆ ಸ್ವತಂತ್ರ ಸಂಸ್ಥೆಯಾಯಿತು. ಅದರ ಮೊದಲ ಮೂವರು ಬಿಷಪ್ಪರು ಸ್ವೀಡನ್ ದೇಶದ ಮನೆತನದವರು. 1956ರಲ್ಲಿ ರಾಜಾ ಮಾಣಿಕಂ ಅವರು ತರಂಗಂಬಾಡಿಯ ಬಿಷಪ್ಪರಾದರು. ಆ ಪೀಠವೇರಿದ ಮೊದಲ ಭಾರತೀಯರು ಅವರು. ಸೀಗನ್‌ಬಾಲ್ಗನು ದಡಕ್ಕಿಳಿದು ಆಗ ಸರಿಯಾಗಿ 250 ವರ್ಷ. ಪಾಠ ಹೇಳಿಸಿಕೊಂಡವರು ಪಾಠ ಹೇಳುವ ಪೀಠಕ್ಕೆ ಬರಲು ಅಷ್ಟು ಕಾಲ ಹಿಡಿಯಿತು.

ಬಾಯಿಪಾಠ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಬಾಯಿಗೆ ಬಂದದ್ದು ಕಷ್ಟಕಾಲದಲ್ಲಿ ತಾನಾಗಿ ನೆನಪಿಗೆ ಬಂದು ಕೈಹಿಡಿಯುತ್ತದೆ. ಆದರೆ ನೆರೆಯವನೆಂದರೆ ಯಾರು ಎಂಬ ಪಾಠವನ್ನು ತಪ್ಪಿಲ್ಲದೆ ಒಪ್ಪಿಸಿದ ಸಭೆಗೂ ಪಕ್ಕದಲ್ಲಿ ಕುಳಿತವನನ್ನು ನೋಡಲು ತಲೆಮಾರುಗಳೇ ಬೇಕಾದುವು. ನಮ್ಮ ನಮ್ಮ ಮನೆಗಳಲ್ಲಿ, ಯಾವ ಮತದವರೇ ಆಗಲಿ, ಮಕ್ಕಳಿಗೆ ಒಳ್ಳೆಯ ಮಾತುಗಳನ್ನು ಕಲಿಸುತ್ತಲೇ ಇದ್ದೇವೆ. ನಾಳೆ ಸಂಜೆ ಮಗುವೊಂದು ನಡುವೆ ನಿಲ್ಲಿಸಿ "ಹಾಗೆಂದರೇನು?" ಎಂದು ಕೇಳಿದರೆ ಅದನ್ನು ಗದರಿಸದಿರೋಣ. ಉತ್ತರ ಹೇಳುವ ಮುನ್ನ, ನಮ್ಮ ಜಗಲಿಯ ಮೇಲೆ ಯಾರು ಎಲ್ಲಿ ಕುಳಿತಿದ್ದಾರೆಂದು ಒಮ್ಮೆ ಕಣ್ಣೆತ್ತಿ ನೋಡೋಣ.