ಮಗ್ಗದ ಮನೆಯ ಆಯವ್ಯಯ

(ಶ್ರೀಮಠದ ಮಹೋತ್ಸವದ ಎರಡನೆಯ ದಿನದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)



ಈ ಉಪನ್ಯಾಸಮಾಲೆಯಲ್ಲಿ ಷಟ್‌ಸ್ಥಲ, ಅಷ್ಟಾವರಣ, ಪಂಚಾಚಾರಗಳನ್ನು ಕುರಿತು ಬಲ್ಲವರು ಮಾತನಾಡಿರುವರು, ನಾಳೆಯೂ ಮಾತನಾಡುವರು. ನನಗಾದ ಅಪ್ಪಣೆಯು ಬೇರೆ ಬಗೆಯದು. ನಮ್ಮ ಇಳಕಲ್ಲ, ಗುಳೇದಗುಡ್ಡಗಳ ಸೀಮೆಯಲ್ಲಿ ಮಗ್ಗವನ್ನೇ ನಂಬಿರತಕ್ಕ ಕುಟುಂಬಗಳ ಉದ್ಯೋಗವೇನು, ಪ್ರಾಪ್ತಿಯೆಷ್ಟು, ಇಷ್ಟು ದುಡಿದರೂ ಅವರ ದಾರಿದ್ರ್ಯವು ನೀಗದಿರುವುದಕ್ಕೆ ಕಾರಣವೇನು, ಇದನ್ನು ಸಭೆಗೆ ತಿಳಿಸಬೇಕೆಂದು ಶ್ರೀಗಳವರು ಅಪ್ಪಣೆ ಕೊಡಿಸಿದರು. ವ್ಯಾಕರಣ ತರ್ಕಗಳನ್ನು ಪಾಠ ಹೇಳಿಕೊಂಡಿರುವ ನನಗೆ ಅರ್ಥಶಾಸ್ತ್ರದಲ್ಲಿ ಅಧಿಕಾರವಿಲ್ಲವೆಂದು ಅರಿಕೆ ಮಾಡಿಕೊಂಡಾಗ, ಓಣಿಓಣಿಗೆ ಹೋಗಿ ಕೇಳಿದ್ದನ್ನು ಹೇಳಿದರೆ ಸಾಕೆಂದು ಉತ್ತರವಾಯಿತು. ಅದರಂತೆ ಹೋಗಿಬಂದು ನಿಮ್ಮ ಮುಂದೆ ನಿಂತಿರುವೆನು.

ತರ್ಕಶಾಸ್ತ್ರವನ್ನು ಓದಿದವರಿಗೆ ವಸ್ತ್ರವೆಂಬುದು ಅಪರಿಚಿತವಾದ ಪದಾರ್ಥವಲ್ಲ. ಅನ್ನಂಭಟ್ಟನ ತರ್ಕಸಂಗ್ರಹದಲ್ಲಿ ಕಾರಣಗಳ ವಿಚಾರವು ಬಂದ ಕೂಡಲೆ ದೃಷ್ಟಾಂತವಾಗಿ ಬರುವುದು ತಂತುಪಟಗಳೇ. ನೂಲು ಬಟ್ಟೆಗೆ ಸಮವಾಯಿ ಕಾರಣ. ನೂಲುಗಳ ಪರಸ್ಪರ ಸಂಯೋಗವು ಅಸಮವಾಯಿ ಕಾರಣ. ಲಾಳಿ, ಮಗ್ಗ ಮೊದಲಾದವು ನಿಮಿತ್ತ ಕಾರಣ. ಪಾಠಶಾಲೆಯ ಎಳೆಯ ವಿದ್ಯಾರ್ಥಿಯೂ ಇದನ್ನು ತಡೆಯಿಲ್ಲದೆ ಒಪ್ಪಿಸುವನು. ಈ ನಿಮಿತ್ತ ಕಾರಣಗಳ ಸಾಲಿನಲ್ಲಿ ಮಗ್ಗದ ಮನೆಯ ಹೆಣ್ಣುಮಗಳನ್ನು ಎಲ್ಲಿ ಕುಳ್ಳಿರಿಸಬೇಕೆಂಬುದೇ ಇಂದಿನ ನನ್ನ ಪ್ರಶ್ನೆ. ಇದು ಕೇವಲ ತರ್ಕದ ಪ್ರಶ್ನೆಯೆಂದು ಭಾವಿಸಬೇಡಿರಿ. ಆ ಮನೆಯ ಬಡತನದ ಬೇರು ಇಲ್ಲಿಯೇ ಇದೆಯೆಂದು ನನಗೆ ತೋರುವುದು.

ಇಳಕಲ್ಲ ಸೀರೆಯನ್ನು ಉಡದ ತಾಯಂದಿರು ಈ ಸಭೆಯಲ್ಲಿ ವಿರಳ. ಕೃಷ್ಣೆಯ ಆಚೆಗೆ ಮಹಾರಾಷ್ಟ್ರದಲ್ಲಿಯೂ ಅದಕ್ಕೆ ಮನ್ನಣೆಯುಂಟು. ಆದರೆ ಅದು ಹುಟ್ಟುವ ರೀತಿಯನ್ನು ಉಟ್ಟವರೆಲ್ಲರೂ ಬಲ್ಲರೆಂದು ಹೇಳಲಾಗದು. ಅದರ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹತ್ತಿಯಾಗಲಿ ರೇಷ್ಮೆಯಾಗಲಿ ಇರಬಹುದು. ಟೋಪ ತೆನಿ ಎಂದು ಹೆಸರಾದ ಸೆರಗಿಗೆ ಕೆಂಪು ರೇಷ್ಮೆಯೇ ಆಗಬೇಕು. ಈ ಎರಡು ಹಾಸುಗಳ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸತಕ್ಕದ್ದು. ಎಳೆಗಳು ಸಾವಿರಾರು. ಬೇರೆ ಕಡೆಯ ನೇಕಾರನು ಉದ್ದವಾದ ಹಾಸನ್ನು ಒಮ್ಮೆ ಹೂಡಿ ಅದರಲ್ಲಿ ಹಲವು ಸೀರೆಗಳನ್ನು ಇಳಿಸಿಕೊಳ್ಳಬಲ್ಲನು. ಇಲ್ಲಿ ಕೊಂಡಿಯ ಕಾರಣದಿಂದ ಸೀರೆಸೀರೆಗೂ ಹಾಸನ್ನು ಹೊಸದಾಗಿ ಸಿದ್ಧಪಡಿಸಬೇಕು. ಲಡಿ ಬಿಡಿಸಿ ರಾಟಿಯ ಮೇಲೆ ಸುತ್ತುವುದು, ಹಾಸು ಹೂಡುವುದು, ಗಂಜಿ ಕೊಡುವುದು, ಕೊಂಡಿ ಕೂಡಿಸುವುದು, ನೇಯ್ಗೆ ನಡೆದಿರುವಾಗ ಹೊಕ್ಕಿಗೆ ಕಂಡಿಕೆ ಸುತ್ತಿ ಸುತ್ತಿ ಕೊಡುವುದು, ಇವೆಲ್ಲವೂ ಲಾಳಿಯ ಸದ್ದು ಕೇಳುವುದಕ್ಕೆ ಮುಂಚೆ ಅಥವಾ ಆ ಸದ್ದಿನ ಹಿಂದೆ ನಡೆಯತಕ್ಕ ಕೆಲಸಗಳು. ಇವುಗಳಲ್ಲಿ ಹೆಚ್ಚಿನವನ್ನು ಹೆಂಡತಿ, ತಾಯಿ, ಬೆಳೆದ ಮಗಳು ಮಾಡುವರು. ಎಷ್ಟೋ ಮನೆಗಳಲ್ಲಿ ಕುಣಿಮಗ್ಗಕ್ಕೆ ಇಳಿದು ನೇಯುವವರೂ ಅವರೇ. ಗುಳೇದಗುಡ್ಡದ ಖಣದ ಮಾತು ಸ್ವಲ್ಪ ಬೇರೆ. ಅಲ್ಲಿ ಈ ಕೊಂಡಿಯ ತೊಡಕಿಲ್ಲ. ಆದರೂ ಕಂಡಿಕೆಯ ಮುಂದೆ ಕುಳಿತ ಕೈಗಳು ಅಲ್ಲಿಯೂ ಇವೇ.

ಮಜೂರಿಯಾದರೋ ಸೀರೆಗೆ ಇಷ್ಟೆಂದು ನಿಷ್ಕರ್ಷೆಯಾಗಿ, ಸಾಹುಕಾರರ ವಹಿಯಲ್ಲಿ ಒಬ್ಬನ ಹೆಸರಿಗೆ ಬರೆಯಲ್ಪಡುವುದು. ಲೆಕ್ಕದ ಅನುಕೂಲಕ್ಕಾಗಿ ಒಂದು ಉದಾಹರಣೆಯನ್ನು ಇಟ್ಟುಕೊಳ್ಳೋಣ. ಇದು ಯಾರ ಅಂಗಡಿಯ ದರವೂ ಅಲ್ಲ. ಸೀರೆಯೊಂದಕ್ಕೆ 900 ರೂಪಾಯಿ ಮಜೂರಿ. ನೇಯುವವನು ಮೂರು ದಿನ ಮಗ್ಗದಲ್ಲಿ ಕುಳಿತನು. ದಿನಕ್ಕೆ 300 ರೂಪಾಯಿ ದೊರೆಯಿತೆಂದು ಅವನೂ ಹೇಳುವನು, ಸಾಹುಕಾರರೂ ಹೇಳುವರು. ಆದರೆ ಅದೇ ಸೀರೆಗಾಗಿ ಹೆಂಡತಿಯು ಎರಡು ದಿನ, ಮುದುಕಿಯಾದ ತಾಯಿಯು ಒಂದು ದಿನ ದುಡಿದಿರುವರು. ಕೂಡಿಸಿದರೆ ಆರು ದಿನಗಳಾದವು. ದಿನಕ್ಕೆ 150 ರೂಪಾಯಿ ಮಾತ್ರ ಉಳಿಯಿತು. 2024-25ನೆಯ ವರ್ಷದಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತರಿ ಯೋಜನೆಯಲ್ಲಿ ಕೆರೆಯ ಹೂಳೆತ್ತಿದ ಹೆಂಗಸಿಗೆ ಗಂಡಸಿನ ಸರಿಸಮವಾಗಿ ದಿನಕ್ಕೆ 349 ರೂಪಾಯಿ ಕೂಲಿ ನಿಗದಿಯಾಗಿತ್ತು. ಮಣ್ಣು ಹೊರುವ ಕೆಲಸವು ಕೀಳೆಂದು ನಾನು ಹೇಳುವವನಲ್ಲ. ಹತ್ತು ವರ್ಷ ಕಲಿತ ಕೈಯ ಕೆಲಸವು ಅದರ ಅರ್ಧಕ್ಕೂ ಇಳಿಯಬಹುದಾದ ಲೆಕ್ಕವನ್ನು ನೋಡಿರಿ ಎನ್ನುವೆನು.

ಮಗ್ಗದ ಮನೆಯವರು ಸೋಮಾರಿಗಳು, ಕುಡುಕರು, ಆದುದರಿಂದಲೇ ಬಡವರು ಎಂಬ ಮಾತನ್ನು ಈ ಆವರಣದಲ್ಲಿಯೇ ಕೇಳಿರುವೆನು. ಕುಡಿತವು ಇಲ್ಲವೆಂದು ಹೇಳಲಾರೆ. ಅದು ಯಾವ ಓಣಿಯಲ್ಲಿ ಇಲ್ಲ? ಆದರೆ ಉದ್ಯೋಗವಿಲ್ಲದ್ದರಿಂದ ಬಂದ ಬಡತನ ಬೇರೆ, ಉದ್ಯೋಗದೊಳಗಿನಿಂದಲೇ ಬಂದ ಬಡತನ ಬೇರೆ. ನಮ್ಮ ಸೀಮೆಯದು ಎರಡನೆಯದು. ಇದು ನಮ್ಮಲ್ಲಿ ಮಾತ್ರವೇ ಎಂದರೆ ಹಾಗೂ ಅಲ್ಲ. ಭಾರತ ಸರಕಾರದವರು 2019-20ರಲ್ಲಿ ಮಾಡಿಸಿದ ನಾಲ್ಕನೆಯ ಕೈಮಗ್ಗ ಗಣತಿಯಲ್ಲಿ ದೇಶದಲ್ಲಿ 31 ಲಕ್ಷಕ್ಕೂ ಮಿಕ್ಕ ಕೈಮಗ್ಗದ ಕುಟುಂಬಗಳು, 35 ಲಕ್ಷಕ್ಕೂ ಮಿಕ್ಕ ದುಡಿಯುವ ಜನರು ಕಂಡುಬಂದರು. ಆ ಕುಟುಂಬಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿನವುಗಳ ತಿಂಗಳ ಪ್ರಾಪ್ತಿಯು 5000 ರೂಪಾಯಿಗಿಂತ ಕಡಿಮೆ. ಒಬ್ಬನ ಪ್ರಾಪ್ತಿಯಲ್ಲ, ಕುಟುಂಬದ ಪ್ರಾಪ್ತಿ ಎಂಬುದನ್ನು ಗಮನಿಸಬೇಕು. ದುಡಿಯುವವರಲ್ಲಿ ನೂರಕ್ಕೆ 72ರಷ್ಟು ಹೆಂಗಸರು. ಅಸ್ಸಾಮು ಮೊದಲಾದ ಈಶಾನ್ಯದ ಸೀಮೆಗಳಲ್ಲಿ ನೇಯುವವರು ಬಹುಮಟ್ಟಿಗೆ ಹೆಂಗಸರೇ ಆದುದರಿಂದ ಈ ಅಂಕಿಯನ್ನು ಇದ್ದಂತೆಯೇ ನಮ್ಮ ಜಿಲ್ಲೆಗೆ ಹಚ್ಚಲಾಗದು. 1987-88ರ ಮೊದಲನೆಯ ಗಣತಿಯಲ್ಲಿ ದುಡಿಯುವವರು 67 ಲಕ್ಷಕ್ಕೂ ಮಿಕ್ಕಿದ್ದರು. ಮೂವತ್ತೆರಡು ವರ್ಷಗಳಲ್ಲಿ ಅರ್ಧದಷ್ಟು ಕೈಗಳು ಮಗ್ಗವನ್ನು ಬಿಟ್ಟಂತಾಯಿತು.

ಬಿಟ್ಟವರು ಎಲ್ಲಿಗೆ ಹೋದರೆಂಬುದಕ್ಕೆ ನಾವು ದೂರ ನೋಡಬೇಕಾಗಿಲ್ಲ. ಇಳಕಲ್ಲ ಎಂಬ ಹೆಸರು ಸೀರೆಗೆ ಎಷ್ಟು ಪ್ರಸಿದ್ಧವೋ ಕೆಂಪು ಗ್ರಾನೈಟ್ ಕಲ್ಲಿಗೂ ಅಷ್ಟೇ ಪ್ರಸಿದ್ಧ. ಹುಡುಗರು ಕಲ್ಲಿನ ಗಣಿಗೆ, ಕಲ್ಲು ಕೊಯ್ದು ಹೊಳಪು ಕೊಡುವ ಕಾರ್ಖಾನೆಗೆ ಹೋಗುವರು. ಇಲ್ಲವೆ ಗೋವೆಗೋ ಬೆಂಗಳೂರಿಗೋ ಕಟ್ಟಡದ ಕೆಲಸಕ್ಕೆ ಹೋಗುವರು. ಕಲ್ಲಿನ ಧೂಳು ಪುಪ್ಪುಸಕ್ಕೆ ಎಂಥದೆಂದು ಅವರಿಗೆ ತಿಳಿಯದೆ ಇಲ್ಲ. ಏಕೆ ಹೋಗುವೆಯಪ್ಪಾ ಎಂದು ಒಬ್ಬ ಹುಡುಗನನ್ನು ಕೇಳಿದರೆ, ಅಲ್ಲಿ ನನ್ನ ಕೂಲಿ ನನ್ನದು, ಅವ್ವನನ್ನು ಜೊತೆಗೆ ದುಡಿಸಬೇಕಾಗಿಲ್ಲ ಅಜ್ಜಾರ, ಎಂದನು. ನಾನು ಇಷ್ಟು ದೀರ್ಘವಾಗಿ ವಿವರಿಸಿದ ಲೆಕ್ಕವನ್ನು ಅವನು ಆಗಲೇ ಮಾಡಿ ಮುಗಿಸಿದ್ದನು.

ಇನ್ನು ಮುಂಗಡದ ಮಾತು. ಮದುವೆಗೋ ಆಸ್ಪತ್ರೆಗೋ ಮನೆಯ ಮಾಳಿಗೆಗೋ ಹಣ ಬೇಕಾದಾಗ ನೇಕಾರನು ಸಾಹುಕಾರರಲ್ಲಿ ಮುಂಗಡ ತರುವನು. ಬಾಕಿ ತೀರುವವರೆಗೆ ಬೇರೊಬ್ಬರಿಗೆ ನೇಯುವಂತಿಲ್ಲ. ಬೇರೆಡೆ ಮಜೂರಿ ಹೆಚ್ಚಾದರೂ ಹೋಗುವಂತಿಲ್ಲ. ಮಳೆಗಾಲದಲ್ಲಿ ಮಗ್ಗದ ಕುಣಿಗೆ ತೇವವೇರುವುದು, ಗಂಜಿ ಕೊಟ್ಟ ಹಾಸು ಒಣಗದು. ಆಷಾಢದಲ್ಲಿ ಲಗ್ನಗಳಿಲ್ಲದೆ ಸೀರೆಯ ಗಿರಾಕಿಯೂ ಇಲ್ಲ. ಆ ದಿನಗಳಲ್ಲಿ ಹಳೆಯ ಬಾಕಿಯ ಮೇಲೆ ಹೊಸ ಬಾಕಿ ಬೆಳೆಯುವುದು. 2020ರ ಲಾಕ್‌ಡೌನಿನಲ್ಲಿ ನೂಲೂ ಬರಲಿಲ್ಲ, ಸೀರೆಯೂ ಹೋಗಲಿಲ್ಲ. ಆಗಿನ ಬಾಕಿಯನ್ನು ಇಂದಿಗೂ ಎಳೆಯುತ್ತಿರುವ ಮನೆಗಳನ್ನು ಕಂಡೆನು. ಆದರೂ ಸಾಹುಕಾರರೆಲ್ಲ ನಿರ್ದಯರೆಂದು ಹೇಳಿದರೆ ಅದು ಅನ್ಯಾಯದ ಮಾತಾದೀತು. ರೇಷ್ಮೆಯ ಬೆಲೆ ಏರಿದಾಗ ಆ ಹೊರೆಯು ಮೊದಲು ಅವರ ಮೇಲೆ ಬೀಳುವುದು. ಮಾರಾಟವಾಗದ ಸೀರೆಗಳು ಉಳಿಯುವುದೂ ಅವರ ಕಪಾಟಿನಲ್ಲಿಯೇ. ಕೆಲವು ಬಗೆಯ ವಸ್ತ್ರಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟು 1985ರಲ್ಲಿ ಕಾಯಿದೆಯಾಗಿದ್ದರೂ ವಿದ್ಯುನ್ಮಗ್ಗದ ನಕಲು ಸೀರೆಯು ಅದೇ ಬಜಾರಿನಲ್ಲಿ ಅರ್ಧ ಬೆಲೆಗೆ ಕುಳಿತಿರುವುದು. ಇದಿಷ್ಟನ್ನೂ ಒಪ್ಪಿದ ಮೇಲೆಯೂ ಒಂದು ಸಂಗತಿ ಉಳಿಯುತ್ತದೆ. ನಾನು ಹೋದ ಮನೆಗಳಲ್ಲಿ ಬಾಕಿಯ ಮೊತ್ತವನ್ನು ಕೇಳಿದಾಗ, ಸಾಹುಕಾರರ ವಹಿಯಲ್ಲಿದೆ ಎಂಬ ಉತ್ತರವೇ ಬಹಳ ಕಡೆ ದೊರೆಯಿತು. ಋಣವಿರುವವನ ಮನೆಯಲ್ಲಿ ಋಣದ ಲೆಕ್ಕವಿಲ್ಲ.

ಸರಕಾರವು ಏನೂ ಮಾಡಿಲ್ಲವೆಂದಲ್ಲ. 1975ರಲ್ಲಿ ಕೈಮಗ್ಗ ಅಭಿವೃದ್ಧಿ ನಿಗಮವು ಸ್ಥಾಪಿತವಾಯಿತು. 2020ರಲ್ಲಿ ನೇಕಾರ ಸಮ್ಮಾನ್ ಎಂಬ ಹೆಸರಿನಿಂದ ಕೈಮಗ್ಗದ ನೇಕಾರರಿಗೆ ವರ್ಷಕ್ಕೆ 2000 ರೂಪಾಯಿ ಕೊಡಲು ಮೊದಲಾಗಿ ಮುಂದೆ ಅದು 5000 ಆಯಿತು. ನನ್ನ ಮನಸ್ಸನ್ನು ಹೆಚ್ಚು ನಾಟಿದ್ದು ಮತ್ತೊಂದು. 2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಯೋಜನೆಯಿಂದ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2000 ರೂಪಾಯಿ ಬರತೊಡಗಿದಾಗ, ಮಗ್ಗದ ಮನೆಯ ಎಷ್ಟೋ ತಾಯಂದಿರಿಗೆ ತಮ್ಮ ಹೆಸರಿನಲ್ಲಿ ಬಂದ ಮೊದಲನೆಯ ಹಣವು ಅದೇ ಆಗಿತ್ತು. ನಲವತ್ತು ವರ್ಷ ಕಂಡಿಕೆ ಸುತ್ತಿದ್ದಕ್ಕೆ ಅವರ ಹೆಸರಿನಲ್ಲಿ ಒಂದು ಕಾಸು ಬರೆಯಲ್ಪಟ್ಟಿರಲಿಲ್ಲ. ಮನೆಯಲ್ಲಿ ಇದ್ದುದಕ್ಕಾಗಿ ಬರೆಯಲ್ಪಟ್ಟಿತು. ಸರಕಾರದ ಕೊಡುಗೆಯನ್ನು ಹಳಿಯುವುದಕ್ಕೆ ಇದನ್ನು ಹೇಳಲಿಲ್ಲ. ನಮ್ಮ ವಹಿಗಳು ಹೇಗಿವೆಯೆಂದು ತೋರಿಸುವುದಕ್ಕೆ ಹೇಳಿದೆನು.

ಇಲ್ಲಿ ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಕಥೆಯನ್ನು ನೆನೆಯಬೇಕಾಗಿದೆ. ಏಕೆಂದರೆ ನೇಕಾರರು ಮಜೂರಿ ಹೆಚ್ಚಿಸಿರೆಂದು ಕೇಳಿದಾಗಲೆಲ್ಲ ಈ ಕಥೆಯನ್ನೇ ಅವರಿಗೆ ಉತ್ತರವಾಗಿ ಹೇಳುವ ರೂಢಿ ಬಂದಿದೆ. ಮಾರಯ್ಯನವರು ಒಂದು ದಿನ ಎಂದಿನದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದರು. ಲಕ್ಕಮ್ಮನವರು ಹೆಚ್ಚಾದದ್ದನ್ನು ಹಿಂದಕ್ಕೆ ಸುರಿದುಬರಲು ಹೇಳಿದರು. ಆದಕಾರಣ ಬಡವನು ಹೆಚ್ಚಿಗೆ ಆಸೆಪಡಬಾರದು ಎಂದು ಅರ್ಥ ಹೇಳುವರು. ಈ ಅರ್ಥವು ನನಗೆ ಒಪ್ಪಿಗೆಯಿಲ್ಲ. ಹೆಚ್ಚಾಯಿತೆಂದು ಆ ತಾಯಿಗೆ ತಿಳಿದದ್ದು ಹೇಗೆ? ಎಷ್ಟು ಬೇಕೆಂಬುದನ್ನು ಆಕೆ ಅಳೆದಿದ್ದಳು. ಮನೆಯ ಆಯವ್ಯಯವು ಆಕೆಯ ಕೈಯಲ್ಲಿತ್ತು. ಅಳತೆಯಿದ್ದ ಮೇಲೆ ಅದಕ್ಕಿಂತ ಹೆಚ್ಚಾದದ್ದೂ ತಿಳಿಯುವುದು, ಕಡಿಮೆಯಾದದ್ದೂ ತಿಳಿಯುವುದು. ಉಳ್ಳವನ ಕಡೆಗೆ ಒಂದು ಅಳತೆ, ದುಡಿಯುವವನ ಕಡೆಗೆ ಇನ್ನೊಂದು ಅಳತೆ ಎಂದು ಆ ಕಥೆಯಲ್ಲಿ ಎಲ್ಲಿಯೂ ಇಲ್ಲ. ನಮ್ಮ ಪಕ್ಕದ ಸೀಮೆಯ ಮುದನೂರಿನ ಜೇಡರ ದಾಸಿಮಯ್ಯನವರು ಸ್ವತಃ ಮಗ್ಗದಲ್ಲಿ ಕುಳಿತವರು. ಅವರನ್ನು ಈ ವೇದಿಕೆಯಲ್ಲಿ ಸ್ಮರಿಸಿ, ಅವರ ಕಾಯಕದವರಿಗೆ ಕಡಿಮೆಯನ್ನೇ ಅಳೆದುಕೊಡುವುದು ಯಾವ ಆಚಾರದಲ್ಲಿ ಸೇರಿದೆಯೋ ನಾನರಿಯೆ.

ದಾಸೋಹಕ್ಕೆ ಚೀಲಗಟ್ಟಲೆ ಅಕ್ಕಿ ಬೆಲ್ಲಗಳನ್ನು ಕಳುಹಿಸಿದ ಭಕ್ತರಲ್ಲಿ ನೂಲಿನ ವ್ಯಾಪಾರಿಗಳೂ ಸೀರೆಯ ಸಾಹುಕಾರರೂ ಇರುವರು. ಮುಂದಿನ ಸಾಲಿನಲ್ಲಿಯೇ ಕುಳಿತಿರುವರು. ಅವರ ಭಕ್ತಿಯಲ್ಲಿ ನನಗೆ ಸಂದೇಹವಿಲ್ಲ. ಆದರೆ ಎಳೆ ತಪ್ಪಿತೆಂದು, ಅಂಚು ಸಡಿಲಾಯಿತೆಂದು ಮಜೂರಿಯಲ್ಲಿ ಹಿಡಿದ ರೂಪಾಯಿಯು ಆ ಚೀಲದೊಳಗೆ ಸೇರಿದ್ದರೆ, ಆ ಪ್ರಸಾದವನ್ನು ಉಣ್ಣುವ ಪಂಕ್ತಿಯಲ್ಲಿ ಅದೇ ನೇಕಾರನೂ ಕುಳಿತಿರುವನಲ್ಲವೆ? ತನ್ನದನ್ನೇ ತಾನು ಕೈಮುಗಿದು ಸ್ವೀಕರಿಸಿದಂತಾಯಿತು. ಈ ಮಾತು ಕೆಲವರಿಗೆ ಕಹಿಯಾಗಬಹುದು. ಹೇಳಲು ಅಪ್ಪಣೆಯಾಗಿರುವುದರಿಂದ ಹೇಳಿದೆನು.

ಶ್ರೀಮಠವು ತಾನೂ ಕೊಳ್ಳುವ ಕಡೆಯದೇ ಎಂಬುದನ್ನು ಮರೆಯಬಾರದು. ಈ ಮಹೋತ್ಸವದಲ್ಲಿ ಸನ್ಮಾನಕ್ಕೆ ತಂದ ಶಾಲುಗಳು ವಿದ್ಯುನ್ಮಗ್ಗದವು. ಕೈಮಗ್ಗದ ಓಣಿಯು ಇಲ್ಲಿಂದ ಕೂಗಳತೆಯಲ್ಲಿರುವುದು. ಇದನ್ನು ಶ್ರೀಗಳವರಲ್ಲಿ ನಿವೇದಿಸಿದಾಗ, ಇನ್ನು ಮುಂದೆ ಮಠದ ಉಡುಗೊರೆಯ ಸೀರೆ, ಖಣ, ಧೋತರಗಳನ್ನು ಮನೆಗಳಿಂದಲೇ ಕೊಳ್ಳಬೇಕೆಂದು ಅಪ್ಪಣೆಯಾಗಿದೆ. ಕೊಂಡಾಗ ಬರೆಯುವ ಚೀಟಿಯಲ್ಲಿ ನೇಯ್ದವರ ಹೆಸರಿನ ಕೆಳಗೆ ಹಾಸು ಹೂಡಿದವರ, ಕಂಡಿಕೆ ಸುತ್ತಿದವರ ಹೆಸರುಗಳನ್ನೂ ಅವರವರ ದಿನಗಳನ್ನೂ ಬರೆದು, ಮಜೂರಿಯನ್ನು ಆ ದಿನಗಳ ಮೇಲೆ ಎಣಿಸಿ ಅವರವರ ಕೈಗೆ ಕೊಡತಕ್ಕದ್ದೆಂದು ಗೊತ್ತಾಗಿದೆ. ಮಠವು ಕೊಳ್ಳುವುದು ವರ್ಷಕ್ಕೆ ಎಷ್ಟೂ ಅಲ್ಲ; ಅಷ್ಟರಿಂದಲೇ ಓಣಿಯ ದಾರಿದ್ರ್ಯವು ಹೋಗದು. ಆದರೆ ಹೀಗೆ ಎಣಿಸಿದ ಚೀಟಿಗಳು ಒಂದು ವರ್ಷ ಸೇರಿದರೆ, ಸೀರೆಯೊಂದಕ್ಕೆ ನಿಜವಾಗಿ ಎಷ್ಟು ದಿನಗಳು ಬೇಕೆಂಬುದು ಮೊದಲ ಸಲ ಕಾಗದದ ಮೇಲೆ ಬರುವುದು. ಅದನ್ನು ಮುಂದಿಟ್ಟುಕೊಂಡು ಸಾಹುಕಾರರೂ ನೇಕಾರರೂ ಶ್ರೀಗಳವರ ಸಮ್ಮುಖದಲ್ಲಿ ಕುಳಿತು ಮಾತನಾಡಬಹುದು.

ಸಾಹುಕಾರ ಭಕ್ತರಲ್ಲಿ ಇಂದು ನಾನು ಬೇಡುವುದು ಮಜೂರಿಯ ಹೆಚ್ಚಳವನ್ನಲ್ಲ. ಅದಕ್ಕೆ ಮೇಲೆ ಹೇಳಿದ ಲೆಕ್ಕವು ಮೊದಲು ಆಗಬೇಕು. ಬೇಡುವುದು ಇಷ್ಟೆ: ನಿಮ್ಮ ವಹಿಯಲ್ಲಿರುವ ಬಾಕಿಯ ಪ್ರತಿಯೊಂದನ್ನು ಆಯಾ ಮನೆಗೆ ಬರೆದು ಕೊಡಿರಿ, ಓದು ಬಾರದ ಮನೆಗಳಿಗೆ ಪಾಠಶಾಲೆಯ ವಿದ್ಯಾರ್ಥಿಗಳು ಹೋಗಿ ಓದಿ ಹೇಳುವರು. ಇದಕ್ಕಾಗಿ ಮೂವತ್ತು ಪುಟಗಳ ಕಿರುವಹಿಗಳನ್ನು ಮಠದ ವೆಚ್ಚದಿಂದ ಹೊಲಿಸಿ ಇಡಲಾಗಿದೆ. ಸಭೆ ಮುಗಿದ ಮೇಲೆ ಪ್ರಸಾದಕ್ಕೆ ಹೋಗುವ ದಾರಿಯಲ್ಲಿ, ಬಲಗಡೆಯ ಬರವಣಿಗೆಯ ಕೋಣೆಯಲ್ಲಿ, ಅವು ದೊರೆಯುವುವು. ನಾನು ಅಲ್ಲಿಯೇ ಕುಳಿತಿರುವೆನು.